ತಾರಸಿ ಮನೆಯವರು ಕೇಳಿಸಿದ ಹೆಜ್ಜೆ

ಹೋದ ತಿಂಗಳು ಮನೆಗೆ ಬಣ್ಣ ಬಳಿಸುವ ಸಲುವಾಗಿ ಕಬ್ಬಿಣದ ಬೀರುವನ್ನು ಗೋಡೆಯಿಂದ ಸರಿಸಿದಾಗ, ಅದರ ಹಿಂದೆ ಜಾರಿ ಬಿದ್ದಿದ್ದ ಕಂದು ಬಣ್ಣದ ದೊಡ್ಡ ಲಕೋಟೆಯೊಂದು ಸಿಕ್ಕಿತು. ಒಳಗೆ ಒಂದು ಎಕ್ಸ್‌ರೇ ಹಾಳೆ. ನನ್ನ ತಮ್ಮ ಹತ್ತು ವರ್ಷದವನಿದ್ದಾಗ ಶಾಲೆಯ ಕಾಂಪೌಂಡ್ ಗೋಡೆಯಿಂದ ಬಿದ್ದು ಎಡಪಾದದ ಕೀಲು ಮುರಿದುಕೊಂಡಿದ್ದ, ಆಗ ತೆಗೆಸಿದ್ದು. ಧೂಳು ಹೋಗಲೆಂದು ಎರಡು ತುದಿಗಳನ್ನು ಹಿಡಿದು ಒಮ್ಮೆ ಒದರಿದೆ. ಕೋಣೆಯೊಳಗೆ ಗುಡುಗಿತು. ಬಣ್ಣದ ಕೆಲಸದವರಿಬ್ಬರೂ ಕಿಟಕಿಯಾಚೆಯ ಆಕಾಶವನ್ನು ನೋಡಿದರು. ನಾನು ತಲೆಯೆತ್ತಿ ಚಾವಣಿಯನ್ನು ನೋಡಿದೆ...

ಅಂದಿನಿಂದ ನಾನು ನೆಟ್ಟಗೆ ಕುಳಿತು ಒಂದು ಕೆಲಸ ಮುಗಿಸಿಲ್ಲ. ಪತ್ರಿಕೆ ಹಿಡಿದರೆ ಎರಡು ಪ್ಯಾರಾ ಆಗುವಷ್ಟರಲ್ಲಿ ಎದ್ದು ಬಾಗಿಲವರೆಗೆ ಹೋಗಿ ಬರುತ್ತೇನೆ. ಒಲೆಯ ಮೇಲೆ ಹಾಲಿಟ್ಟು ಮರೆಯುತ್ತೇನೆ. ಇಪ್ಪತ್ತೇಳು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು ನಾನು. ಮಕ್ಕಳ ಪ್ರಬಂಧದಲ್ಲಿ ಹಿಂದಿನದು ಮುಂದಾಗಿ, ಮುಂದಿನದು ಹಿಂದಾಗಿ ಬಂದರೆ ಹಾಳೆಯನ್ನು ವಾಪಸು ಕೊಟ್ಟು ಮತ್ತೆ ಬರೆಸಿದವಳು. ಆದ್ದರಿಂದ ಇದನ್ನಾದರೂ ಕ್ರಮವಾಗಿ ಬರೆದರೆ ಮನಸ್ಸು ಒಂದೆಡೆ ನಿಂತೀತೆಂದು ಬರೆಯಲು ಕುಳಿತಿದ್ದೇನೆ.

ನಾವು ಜೋಗುಪಾಳ್ಯದ ಇಕ್ಕಟ್ಟಾದ ಓಣಿಯೊಂದರಲ್ಲಿ ಮೊದಲನೆಯ ಮಹಡಿಯಲ್ಲಿದ್ದೆವು, ಅಮ್ಮ ಮತ್ತು ನಾನು. ಈಗಲೂ ಅದೇ ಮನೆ. ಕೆಳಗೆ ದಿನಸಿ ಅಂಗಡಿ. ಅದರ ಪಕ್ಕದಿಂದ ಹದಿನಾಲ್ಕು ಕಲ್ಲಿನ ಮೆಟ್ಟಿಲುಗಳು ಹತ್ತಿ ಬಂದು ನಮ್ಮ ಬಾಗಿಲನ್ನು ಮುಟ್ಟಿ, ಅಲ್ಲಿಂದ ತಿರುಗಿ ತಾರಸಿಗೆ ಹೋಗುತ್ತವೆ. ತಾರಸಿಯ ಮೇಲೆ ಶೀಟು ಹೊದಿಸಿದ ಒಂದೂವರೆ ಕೋಣೆಯ ಮನೆ. ಇಪ್ಪತ್ತು ವರ್ಷಕ್ಕೂ ಮಿಕ್ಕಿದ ಮಾತು. ಆ ಮನೆಗೆ ಗಂಡ ಹೆಂಡತಿ ಬಾಡಿಗೆಗೆ ಬಂದರು. ಅವರ ಮನೆಮಾತು ತಮಿಳು. ಕನ್ನಡವನ್ನು ಹಲಸೂರಿನ ಬೀದಿಗಳಲ್ಲಿ ಕಿವಿಯಿಂದಲೇ ಕಲಿತವರು. ಗಂಡನಿಗೆ ಆಗ ನಲವತ್ತೈದರ ಆಸುಪಾಸು ಇದ್ದೀತು. ಅಮ್ಮನಿಗೂ ನನಗೂ ಅವರು ಕೊನೆಯವರೆಗೂ ‘ತಾರಸಿ ಮನೆಯವರು’. ಅವರಿಗೆ ನಾನು ‘ಟೀಚರ್’.

ಗಂಡನ ಕೆಲಸ ವಿಚಿತ್ರವಾದುದು. ಇಂದಿರಾನಗರದಲ್ಲಿ ರೇಡಿಯೋ ನಾಟಕಗಳನ್ನು ಧ್ವನಿಮುದ್ರಿಸಿ ಕೊಡುವ ಸಣ್ಣ ಸ್ಟುಡಿಯೋ ಒಂದಿತ್ತು. ಅಲ್ಲಿ ನಾಟಕಕ್ಕೆ ಬೇಕಾದ ಸದ್ದುಗಳನ್ನು ಮಾಡುವವರು ಇವರು. ಮೊರದಲ್ಲಿ ರಾಗಿ ಹಾಕಿ ಓರೆ ಮಾಡಿದರೆ ಮಳೆ. ಒದ್ದೆ ಬಟ್ಟೆಯನ್ನು ಹಲಗೆಗೆ ಬಡಿದರೆ ಹೊಡೆದಾಟ. ನಾಟಕವಿದ್ದಾಗಲೆಲ್ಲ ಸ್ಟುಡಿಯೋದಿಂದ ಕರೆ ಬರುತ್ತಿತ್ತು. ಅದಕ್ಕೆ ಮೊದಲು ಎರಡು ಮೂರು ದಿನ ತಾರಸಿಯ ಮೇಲೆ ಅಭ್ಯಾಸ. ಅಲ್ಲಿ ಒಂದು ಕಡಪ ಕಲ್ಲು, ಒಂದು ಹಲಗೆ, ಒಂದು ತಟ್ಟೆ ಜಲ್ಲಿ ಇಟ್ಟುಕೊಂಡು, ಬೇರೆ ಬೇರೆ ಪಾದರಕ್ಷೆ ಹಾಕಿ, ಬೆಳಗಿನಿಂದ ನಡೆಯುತ್ತಿದ್ದರು.

“ಇವತ್ತು ಯಾರಪ್ಪಾ ಮೇಲೆ ಓಡಾಡ್ತಿರೋದು?” ಎಂದು ಅಮ್ಮ ಮೆಟ್ಟಿಲ ಬಳಿ ನಿಂತು ಕೂಗುವರು.

“ಇವತ್ತು ಪೊಲೀಸು ಅಮ್ಮಾ. ನಿನ್ನೆ ತುಂಬು ಬಸುರಿ ಆಗಿದ್ದೆ. ಪ್ರಮೋಷನ್ನು!”

ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಗುವರು. ನಾನು ನಗುತ್ತಿರಲಿಲ್ಲ, ಮೌಲ್ಯಮಾಪನದ ಕಟ್ಟು ಮುಂದಿಟ್ಟುಕೊಂಡವರಿಗೆ ತಲೆಯ ಮೇಲೆ ಪೊಲೀಸರು ನಡೆದಾಡುವುದು ತಮಾಷೆಯಲ್ಲ.

ಒಮ್ಮೆ ಅವರು ಹಳೆಯ ಎಕ್ಸ್‌ರೇ ಹಾಳೆ ಇದೆಯೇ ಎಂದು ಕೇಳಿಕೊಂಡು ಬಂದರು. ಗುಡುಗಿಗೆ ಬೇಕಂತೆ. ನಾನು ಬೇಡವೆನ್ನುವ ಮೊದಲೇ ಅಮ್ಮ ಬೀರುವಿನಿಂದ ಆ ಲಕೋಟೆ ತಂದುಕೊಟ್ಟರು. ಅವರು ನಡುಮನೆಯಲ್ಲೇ ಒಮ್ಮೆ ಒದರಿ ತೋರಿಸಿದರು. ಬಚ್ಚಲುಮನೆಗೆ ಹೋಗುತ್ತಿದ್ದ ಅಮ್ಮ, “ಅಯ್ಯೋ, ತಾರಸಿ ಮೇಲೆ ಬಟ್ಟೆ ಇದೆ ಕಣೆ!” ಎಂದು ಓಡಿಬಂದರು. ಆಮೇಲೆ ತಾರಸಿ ಮನೆಯವರು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. “ಚಿಕ್ಕ ಕಾಲು. ಸರಿಯಾಗಿ ಕೂಡ್ಕೊಂಡಿಲ್ಲ. ಯಾರದು ಟೀಚರ್?”

“ಯಾರದೋ,” ಎಂದೆ. “ದಾಖಲೆ. ಕೊಡಲಾಗುವುದಿಲ್ಲ.”

ಅಮ್ಮ ಹಾಳೆಯನ್ನು ಲಕೋಟೆಗೆ ಸೇರಿಸಿಕೊಂಡು ಒಳಗೆ ಹೋದರು. ಇಲ್ಲಿ ತಮ್ಮನ ವಿಷಯ ಹೇಳಬೇಕು, ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ತಮ್ಮ ನನಗಿಂತ ಆರು ವರ್ಷ ಚಿಕ್ಕವನು. ಅಪ್ಪ ಬೇಗ ತೀರಿಕೊಂಡಿದ್ದರಿಂದ ಅವನನ್ನು ಓದಿಸಿದವಳೂ ಗದರಿದವಳೂ ನಾನೇ. ಅವನು ಪುಲಿಕೇಶಿನಗರದ ತಮಿಳು ಕ್ರೈಸ್ತ ಹುಡುಗಿಯೊಬ್ಬಳನ್ನು ಮದುವೆಯಾಗುತ್ತೇನೆಂದಾಗ, “ಹಾಗಾದರೆ ಈ ಬಾಗಿಲು ನಿನಗೆ ಮುಚ್ಚಿತು,” ಎಂದವಳೂ ನಾನೇ. ಅಮ್ಮ ಹಾಗೆನ್ನಲಿಲ್ಲ. ಅಮ್ಮನನ್ನು ನಾನು ಕೇಳಲೂ ಇಲ್ಲ. ಅವನು ಹೋದ. ಅದಾಗಿ ಮೂರು ವರ್ಷ ನಮ್ಮ ಮನೆಯಲ್ಲಿ ಅವನ ಹೆಸರನ್ನು ಯಾರೂ ಎತ್ತಿರಲಿಲ್ಲ. ಅಮ್ಮ ‘ಚಿಕ್ಕವನು’ ಎಂದು ಬಾಯ್ತಪ್ಪಿ ಅಂದರೂ ಅಲ್ಲಿಗೇ ನಿಲ್ಲಿಸುತ್ತಿದ್ದರು...

ಆ ವರ್ಷ ಒಂದು ಸಂಜೆ ನಾನು ಶಾಲೆಯಿಂದ ಬಂದಾಗ ಅಮ್ಮ ಹೇಳಿದರು: “ಮಧ್ಯಾಹ್ನ ಯಾರೋ ಮೆಟ್ಲು ಹತ್ತಿ ಬಂದು, ಬಾಗಿಲ ಮುಂದೆ ನಿಂತು, ಹಾಗೇ ಇಳ್ದು ಹೋದ್ರು ಕಣೆ. ನಾನು ಮಂಡಿ ಹಿಡ್ಕೊಂಡು ಎದ್ದು ಬರೋಷ್ಟ್ರಲ್ಲಿ ಯಾರೂ ಇಲ್ಲ.” ಅಮ್ಮ ಮಲಗುತ್ತಿದ್ದುದು ಹಿಂದಿನ ಕೋಣೆಯಲ್ಲಿ, ಅಲ್ಲಿಗೆ ಸದ್ದು ಮಬ್ಬಾಗಿ ಕೇಳುತ್ತಿತ್ತು. ಎರಡು ವಾರ ಬಿಟ್ಟು ಮತ್ತೆ ಅದನ್ನೇ ಹೇಳಿದರು. ನಿದ್ದೆಗಣ್ಣಿನ ಭ್ರಮೆಯೆಂದು ನಾನು ತಳ್ಳಿಹಾಕಿದೆ. ಆದರೆ ವಿಷಯ ಮನಸ್ಸಿನಲ್ಲಿ ಕುಳಿತಿತು, ಅದರಿಂದ ಒಂದು ಕಥೆ ಹುಟ್ಟಿತು. ನಾನು ಬರೆದ ಒಂದೇ ಕಥೆ ಅದು. ಕುಕ್ ಟೌನಿನ ಹಳೆಯ ಬಂಗಲೆಯೊಂದರ ಮಹಡಿಯಲ್ಲಿ ಒಂಟಿ ಹೆಂಗಸು. ದಿನವೂ ಮಧ್ಯಾಹ್ನ ಯಾರೋ ಹದಿನಾಲ್ಕು ಮೆಟ್ಟಿಲು ಹತ್ತಿ ಬಂದು ಬಾಗಿಲಾಚೆ ನಿಲ್ಲುತ್ತಾರೆ. ತಟ್ಟುವುದಿಲ್ಲ, ಕರೆಯುವುದಿಲ್ಲ, ಇಳಿದು ಹೋಗುತ್ತಾರೆ. ಕೊನೆಯ ದಿನ ಹೆಜ್ಜೆಗಳು ಬಂದು ನಿಂತಾಗ ಆಕೆ ಎದ್ದು ಬರುತ್ತಾಳೆ. ಅವಳ ಕೈ ಚಿಲಕದ ಹತ್ತಿರ ಹೋಗುತ್ತದೆ. ಕಥೆ ಅಲ್ಲಿಗೆ ಮುಗಿಯುತ್ತದೆ. ಒಂದು ವಾರಪತ್ರಿಕೆ ಅದನ್ನು ಪ್ರಕಟಿಸಿತು. ಸ್ಟಾಫ್ ರೂಮಿನಲ್ಲಿ ಎರಡು ದಿನ ಅದರದೇ ಮಾತು. ಯಾರಿರಬಹುದು, ಕಳ್ಳನೋ, ಬಿಟ್ಟುಹೋದ ಗಂಡನೋ ಎಂದು ಎಲ್ಲರೂ ವಾದಿಸಿದರು. ಯಾರೆಂಬುದು ನನಗೇ ತಿಳಿದಿಲ್ಲವೆಂದು ನಾನು ಹೆಮ್ಮೆಯಿಂದ ಹೇಳಿಕೊಂಡೆ.

ತಾರಸಿ ಮನೆಯವರು ಆ ಪತ್ರಿಕೆಯನ್ನು ಕೇಳಿ ಪಡೆದರು. ಅವರಿಗೆ ಕನ್ನಡ ಓದುವುದು ನಿಧಾನ. ಒಂದು ವಾರ ಇಟ್ಟುಕೊಂಡರು. ನನಗೆ ಹೇಳದೆಯೇ ಅದನ್ನು ಸ್ಟುಡಿಯೋಗೆ ಒಯ್ದು, ಇದು ನಾಟಕಕ್ಕೆ ಹೇಳಿ ಮಾಡಿಸಿದ್ದೆಂದು ಅಲ್ಲಿಯವರನ್ನು ಒಪ್ಪಿಸಿದರು. ಅರ್ಧ ಗಂಟೆಯ ರೇಡಿಯೋ ನಾಟಕ. ಒಪ್ಪಿಗೆ ಪತ್ರ ತಂದವರೂ ಅವರೇ. ಅದನ್ನು ನನ್ನ ಕೈಗೆ ಕೊಟ್ಟು ಹೋಗದೆ ಬಾಗಿಲಲ್ಲೇ ನಿಂತರು.

“ಒಂದು ಡೌಟು ಟೀಚರ್. ಮೆಟ್ಲು ಹತ್ತೋರು ಯಾರು?”

“ಯಾರೂ ಆಗಿರಬಹುದು. ಅದೇ ಕಥೆಯ ಗುಟ್ಟು.”

“ನೀವು ‘ಹೆಜ್ಜೆ’ ಅಂತ ಬರೆದ್ಬಿಟ್ರಿ, ಮುಗೀತು. ನಾನು ಬರೀ ಹೆಜ್ಜೆ ಅಂತ ಹೇಗೆ ನಡೀಲಿ? ಚಪ್ಪಲೀನಾ, ಶೂ ಹಾಕಿದಾರಾ? ವಯಸ್ಸೆಷ್ಟು? ಯಾರದೂ ಅಲ್ದೇ ಇರೋ ಹೆಜ್ಜೆ ನನ್ನ ಹತ್ರ ಇಲ್ಲ.”

ಅದು ನಿಜಕ್ಕೂ ಒಳ್ಳೆಯ ಪ್ರಶ್ನೆ. ಕಾಗದದ ಮೇಲಿನ ಹೆಜ್ಜೆಗೆ ಕಾಲು ಬೇಕಿಲ್ಲ. ಕಿವಿಗೆ ಬೀಳುವ ಹೆಜ್ಜೆ ಯಾರದಾದರೂ ಆಗಿಯೇ ತೀರಬೇಕು. ಆದರೆ ಅಂದು ನನಗೆ ಅದು ಅಧಿಕಪ್ರಸಂಗವಾಗಿ ಕಂಡಿತು. “ಸಾಧಾರಣ ಮನುಷ್ಯನ ಹೆಜ್ಜೆ ಮಾಡಿ,” ಎಂದೆ.

ಅವರು ಇನ್ನೂ ನಿಂತೇ ಇದ್ದರು. ಕಂಕುಳಲ್ಲಿ ಒಂದು ಹಲಗೆ. ಅದಕ್ಕೆ ಹಳೆಯ ಹಿತ್ತಾಳೆಯ ಚಿಲಕವೊಂದನ್ನು ಮೊಳೆ ಹೊಡೆದು ಕೂರಿಸಿದ್ದರು. ಅದನ್ನು ಮೆಲ್ಲಗೆ ಸರಿಸಿ ತೋರಿಸಿದರು. “ಕೊನೇಲಿ ಇದೊಂದು ಸದ್ದು ಹಾಕ್ಲಾ? ಮಾತೇನೂ ಬೇಡ. ಇಷ್ಟೇ.”

“ಬೇಡ. ಬಾಗಿಲು ತೆರೆಯಿತೋ ಇಲ್ಲವೋ ಎಂಬುದನ್ನು ಓದುವವರು ನಿರ್ಧರಿಸಲಿ.”

“ಓದೋರು ನಿರ್ಧಾರ ಮಾಡ್ತಾರೆ ಟೀಚರ್. ಕೇಳೋರು ಕಾಯ್ತಾ ಇರ್ತಾರೆ.”

ನಾನು ಒಳಗೆ ಹೋಗಿ ಪೆನ್ನು ತಂದು, ಒಪ್ಪಿಗೆ ಪತ್ರದ ಕೆಳಗೆ ಅವರ ಎದುರಿಗೇ ಒಂದು ಷರತ್ತನ್ನು ಸೇರಿಸಿದೆ: ಕಥೆಯ ಮುಕ್ತಾಯದಲ್ಲಿ ಯಾವುದೇ ಬದಲಾವಣೆ ಕೂಡದು, ಬಾಗಿಲು ತೆರೆಯುವ ಸದ್ದು ಕೂಡದು. ಓದಿ ಹೇಳಿ ಸಹಿ ಹಾಕಿದೆ. ಅವರು ಹಲಗೆಯನ್ನು ಮತ್ತೆ ಕಂಕುಳಿಗೆ ಸೇರಿಸಿ ಮೆಟ್ಟಿಲು ಹತ್ತಿದರು.

ನಾಟಕ ಪ್ರಸಾರವಾದದ್ದು ಒಂದು ಭಾನುವಾರ ಮಧ್ಯಾಹ್ನ. ಅಮ್ಮ ಮಂಚದ ಮೇಲೆ ಟ್ರಾನ್ಸಿಸ್ಟರನ್ನು ಮಗುವಿನಂತೆ ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ನಾನು ವಾರಪತ್ರಿಕೆಯನ್ನೂ ಕೆಂಪು ಪೆನ್ನನ್ನೂ ಹಿಡಿದು ಕುರ್ಚಿಯಲ್ಲಿ ಕುಳಿತೆ. ಆರಂಭದಲ್ಲೇ ಒಂದು ಗುರುತು ಹಾಕಬೇಕಾಯಿತು. ನನ್ನ ಕಥೆಯಲ್ಲಿ ಆಕೆ ಅಕ್ಕಿ ಆರಿಸುತ್ತಿರುತ್ತಾಳೆ. ನಾಟಕದಲ್ಲಿ ಹೊಲಿಗೆ ಯಂತ್ರ ತುಳಿಯುತ್ತಿದ್ದಳು. ನಾನು ಅಂಚಿನಲ್ಲಿ ‘ಒಂದು’ ಎಂದು ಬರೆದೆ. ಆಗ ಮೊದಲ ಹೆಜ್ಜೆ ಕೇಳಿಸಿತು. ಯಂತ್ರ ತಟ್ಟನೆ ನಿಂತಿತು.

ಅದು ಸಾಧಾರಣ ಮನುಷ್ಯನ ಹೆಜ್ಜೆಯಾಗಿರಲಿಲ್ಲ. ಒಂದು ಹೆಜ್ಜೆ ಗಟ್ಟಿಯಾಗಿ ಕಲ್ಲಿನ ಮೇಲೆ ಬೀಳುತ್ತಿತ್ತು. ಅದರ ಹಿಂದೆಯೇ ಇನ್ನೊಂದು, ಚಪ್ಪಲಿಯ ಅಂಚನ್ನು ಕಲ್ಲಿಗೆ ಉಜ್ಜಿಕೊಂಡು, ಅರ್ಧ ಕ್ಷಣ ತಡವಾಗಿ ಬರುತ್ತಿತ್ತು. ಗಟ್ಟಿ, ಉಜ್ಜು. ಗಟ್ಟಿ, ಉಜ್ಜು. ಅಮ್ಮನ ಬೆರಳುಗಳು ಮಡಿಲಿನಲ್ಲಿ ಎಣಿಸತೊಡಗಿದವು. ನಾನು ಅಮ್ಮನ ಮುಖ ನೋಡದೆ ಪತ್ರಿಕೆಯನ್ನೇ ನೋಡುತ್ತ ‘ಎರಡು’, ‘ಮೂರು’ ಎಂದು ಗುರುತು ಹಾಕುತ್ತಾ ಹೋದೆ.

ಕೊನೆಯ ದೃಶ್ಯ. ಹದಿನಾಲ್ಕು ಹೆಜ್ಜೆ ಬಂದು ನಿಂತವು. ಮಾತಿಲ್ಲ. ಆಚೆಯವರ ಉಸಿರು ಮಾತ್ರ, ಮೆಟ್ಟಿಲು ಹತ್ತಿ ಬಂದವರ ಉಸಿರು. ಅಷ್ಟು ಉದ್ದದ ನಿಶ್ಶಬ್ದವನ್ನು ನಾನು ರೇಡಿಯೋದಲ್ಲಿ ಎಂದೂ ಕೇಳಿರಲಿಲ್ಲ. ಅಮ್ಮ ಟ್ರಾನ್ಸಿಸ್ಟರನ್ನು ಪಕ್ಕಕ್ಕಿಟ್ಟು, ಮಂಡಿಯ ಮೇಲೆ ಕೈಯೂರಿ ಎದ್ದರು.

“ಚಿಕ್ಕವನು ಕಣೆ,” ಎಂದರು. ಹೋಗಿ ನಮ್ಮ ಮನೆಯ ಬಾಗಿಲನ್ನು ತೆರೆದರು.

ರೇಡಿಯೋದಲ್ಲಿ ಬಾಗಿಲು ತೆರೆಯಲಿಲ್ಲ. ನಿಶ್ಶಬ್ದ ಮುಗಿದು, ಮೂಲಕಥೆ ಇಂಥವರದೆಂದು ಮತ್ತೊಮ್ಮೆ ನನ್ನ ಹೆಸರು ಹೇಳಿದರು. ನಾನು ಎದ್ದು ಅಮ್ಮನ ಹಿಂದೆ ಹೋದೆ. ಬಾಗಿಲಾಚೆ ತಾರಸಿಯಿಂದ ಇಳಿಯುವ ಮೆಟ್ಟಿಲ ಮೇಲೆ, ಗೋಡೆಗೆ ಕೈಯಿಟ್ಟುಕೊಂಡು, ತಾರಸಿ ಮನೆಯವರು ನಿಂತಿದ್ದರು. ಅಲ್ಲಿ ಎಷ್ಟು ಹೊತ್ತಿನಿಂದ ನಿಂತಿದ್ದರೋ. ಅಮ್ಮ ಕೆಳಗಿನ ಮೆಟ್ಟಿಲುಗಳನ್ನು ನೋಡಿದರು, ಅವರನ್ನು ನೋಡಿದರು. “ಯಾರಪ್ಪಾ ಬಂದಿದ್ದು?”

ಅವರು ನನ್ನ ಮುಖವನ್ನೇ ನೋಡಿದರು. ಪ್ರಶ್ನೆ ಕೇಳಿ, ಉತ್ತರ ಗೊತ್ತಿದ್ದೂ ಬಾಯಿ ಬಿಡದ ವಿದ್ಯಾರ್ಥಿಯ ಮುಂದೆ ನಾನು ಎಷ್ಟೋ ಸಲ ಹಾಗೆ ಕಾದು ನಿಂತಿದ್ದೇನೆ.

“ನನ್ನ ಕಥೆಯಲ್ಲಿ ಕುಂಟುವವರು ಯಾರೂ ಇಲ್ಲ,” ಎಂದೆ.

“ಇಲ್ವಾ ಟೀಚರ್?”

“ಇಲ್ಲ.”

“ಸರಿ ಹಾಗಾದ್ರೆ,” ಎಂದು ಮೇಲೆ ಹೋದರು.

ಅಂದು ನನಗೆ ಏನೂ ತಿಳಿಯಲಿಲ್ಲವೆಂದು ಬರೆದರೆ ಸುಳ್ಳಾದೀತು. ತಿಳಿಯುತ್ತಿದೆ ಎನ್ನಿಸಿದ್ದರಿಂದಲೇ ಅಷ್ಟು ಕೋಪ ಬಂದಿರಬೇಕು. ಮರುದಿನ ಸ್ಟುಡಿಯೋಗೆ ನಾಲ್ಕು ಪುಟದ ದೂರು ಬರೆದೆ. ಮೂಲಕಥೆಗೂ ನಾಟಕಕ್ಕೂ ಇರುವ ಹದಿನೇಳು ವ್ಯತ್ಯಾಸಗಳನ್ನು ಪುಟಸಂಖ್ಯೆಯ ಸಮೇತ ಪಟ್ಟಿ ಮಾಡಿದೆ. ಹೆಜ್ಜೆಯ ವಿಷಯಕ್ಕೆ ಮಾತ್ರ ಒಂದು ಇಡೀ ಪುಟ. ಸದ್ದು ಮಾಡುವವರು ಲೇಖಕಿಯ ಸ್ಪಷ್ಟ ಸೂಚನೆಯನ್ನು ಮೀರಿ ತಮ್ಮ ಮನಸ್ಸಿಗೆ ಬಂದಂತೆ ನಡೆದುಕೊಂಡಿದ್ದಾರೆಂದು ಬರೆದು, ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದೆ.

ಲಕೋಟೆ ಸಿಕ್ಕಂದಿನಿಂದ ಆ ಹದಿನೇಳನ್ನೂ ಮತ್ತೆ ಮತ್ತೆ ಮನಸ್ಸಿನಲ್ಲೇ ತಿದ್ದುತ್ತಿದ್ದೇನೆ. ಅಕ್ಕಿ ಆರಿಸುವುದಕ್ಕೆ ಸದ್ದಿಲ್ಲ. ಹೊಲಿಗೆ ಯಂತ್ರ ನಿಂತಾಗಲಷ್ಟೇ ಆಕೆ ಕಿವಿಗೊಟ್ಟಳೆಂಬುದು ನಮಗೆ ಕೇಳುತ್ತದೆ. ಆಕೆಯ ಭಯವನ್ನು ನಾನು ಒಂದೂವರೆ ಅಂಕಣ ವರ್ಣಿಸಿದ್ದೆ, ಒಂದಾದ ಮೇಲೊಂದು ಉಪಮೆ. ಅವರು ಒಂದು ಲೋಟವನ್ನು ನೆಲಕ್ಕಿಡಿಸಿದರು. ಅದರ ತಳ ನೆಲಕ್ಕೆ ತಾಗಿ ಟಿಣಿಟಿಣಿ ನಡುಗಿತು, ಅಷ್ಟೇ. ನಾನು ಮೆಟ್ಟಿಲುಗಳನ್ನು ಅಂಕೆಯಲ್ಲಿ ಬರೆದಿದ್ದೆ. ಅವರು ಕೇಳುವವರೇ ಎಣಿಸುವಂತೆ ಮಾಡಿದರು. ಮುದ್ರಿತ ಕಥೆಯಲ್ಲಿ ಬಾಗಿಲಾಚೆ ಯಾರೂ ಇರಲಿಲ್ಲ. ಕುತೂಹಲವಿತ್ತು, ನಿಜ, ಆದರೆ ಖಾಲಿ ಮೆಟ್ಟಿಲಿನ ಕುತೂಹಲ. ನಾಟಕದಲ್ಲಿ ಬಾಗಿಲಾಚೆ ಒಬ್ಬ ಮನುಷ್ಯನಿದ್ದ, ದಣಿದಿದ್ದ, ಅವನನ್ನು ಒಳಗೆ ಕರೆಯಲಿ ಎಂದು ಕೇಳುವವರ ಜೀವ ಒದ್ದಾಡುತ್ತಿತ್ತು. ಯಾವುದು ಹೆಚ್ಚು ಒಳ್ಳೆಯದೆಂದು ಪರೀಕ್ಷೆಯಲ್ಲಿ ಕೇಳಿದರೆ ನಾನೀಗ ಯಾವ ಉತ್ತರಕ್ಕೆ ಅಂಕ ಕೊಡುತ್ತೇನೆಂದು ಬರೆಯಬೇಕಿಲ್ಲ...

ಎದ್ದು ಹೋಗಿ ಬಂದೆ. ಮುಂದಿನದನ್ನು ಬರೆಯುವುದು ಕಷ್ಟ.

ದೂರು ಹೋದ ಮೇಲೆ ತಾರಸಿಯ ಮೇಲಿನ ನಡಿಗೆ ಕಡಿಮೆಯಾಯಿತು. ನಂತರ ನಿಂತಿತು. ಅಮ್ಮ ಒಂದೆರಡು ಸಲ ಮೆಟ್ಟಿಲ ಬಳಿ ನಿಂತು, “ಏನಪ್ಪಾ, ಯಾರೂ ಇಲ್ವಾ ಮೇಲೆ?” ಎಂದು ಕೂಗಿದರು. “ಎಲ್ರೂ ರಜಾ ಅಮ್ಮಾ,” ಎಂಬ ಉತ್ತರ ಬಂತು. ನಾಲ್ಕು ತಿಂಗಳಾದ ಮೇಲೆ ಒಂದು ಗುರುವಾರ ಓಣಿಯ ಬಾಯಲ್ಲಿ ಟೆಂಪೋ ಬಂದು ನಿಂತಿತು. ಅವರ ಹೆಂಡತಿಯ ಅಣ್ಣನಿಗೆ ಕೆ.ಆರ್. ಪುರದಲ್ಲಿ ಮನೆಯಿತ್ತು, ಅದರ ಹಿಂಬದಿಯ ಕೋಣೆಗೆ ಹೋಗುತ್ತಿದ್ದರು. ನಾನು ಶಾಲೆಯಿಂದ ಬರುವ ಹೊತ್ತಿಗೆ ಹೆಂಡತಿ ಪಾತ್ರೆಗಳ ಮೂಟೆ ಹಿಡಿದು ಮೆಟ್ಟಿಲು ಇಳಿಯುತ್ತಿದ್ದರು.

“ನಿಮ್ಮ ಕೆಂಪು ಇಂಕು ಚೆನ್ನಾಗಿ ಕೆಲಸ ಮಾಡ್ತು ಟೀಚರಮ್ಮ,” ಎಂದರು. “ಲೆಟರ್ ಬಂದಿದ್ದೇ ಬಂದಿದ್ದು, ಸ್ಟುಡಿಯೋದವರು ಇವರನ್ನ ಕರೆಯೋದೇ ಬಿಟ್ರು. ಫೇಲ್ ಮಾಡೋ ಮುಂಚೆ ಇವರನ್ನೇ ಒಂದು ಮಾತು ಕೇಳಿದ್ರೆ ಆಗ್ತಿತ್ತಲ್ಲ, ಒಂದೇ ಮೆಟ್ಲಲ್ಲಿ ಇದ್ವಿ!”

“ಏಯ್, ನೀನು ಹೋಗು,” ಎಂದರು ಗಂಡ, ಮೇಲಿನಿಂದ. ಕೈಯಲ್ಲಿ ಆ ಕಡಪ ಕಲ್ಲಿತ್ತು. ಅದನ್ನು ನಮ್ಮ ಬಾಗಿಲ ಮುಂದೆ ಇಳಿಸಿ, ಬೆವರು ಒರೆಸಿಕೊಂಡು, ಹೆಂಡತಿ ಓಣಿಗೆ ಇಳಿಯುವವರೆಗೂ ಕಾದರು. ಆಮೇಲೆ ತಗ್ಗಿದ ದನಿಯಲ್ಲಿ ಹೇಳಿದರು:

“ಟೀಚರ್, ನಾನು ಸುಳ್ಳು ಹೆಜ್ಜೆ ಹಾಕಿಲ್ಲ. ಶುಕ್ರವಾರ ಶುಕ್ರವಾರ ಬರ್ತಿದ್ರು ನಿಮ್ಮ ತಮ್ಮ. ಶಿವಾಜಿನಗರದಲ್ಲಿ ಮಸೀದಿ ಹಿಂದೆ ಸ್ಪೇರ್‌ಪಾರ್ಟ್ಸ್ ಅಂಗಡೀಲಿದಾರೆ. ನಮಾಜಿನ ಹೊತ್ತು ಸಾಹೇಬ್ರು ಶಟರ್ ಎಳೀತಾರಲ್ಲ, ಆ ಎರಡು ಗಂಟೆ ಬಿಡುವಲ್ಲಿ ಬರೋರು. ಇಲ್ಲೇ ನಿಂತ್ಕೊಳ್ಳೋರು, ನೀವು ನಿಂತಿರೋ ಜಾಗದಲ್ಲೇ. ಒಂದಿನ ನಾನೇ ಮೇಲಕ್ಕೆ ಕರ್ದು ಟೀ ಕೊಟ್ಟೆ. ಎಕ್ಸ್‌ರೇಲಿ ನೋಡಿದ ಕಾಲು ಅಂತ ಆವಾಗ್ಲೇ ಗೊತ್ತಾಯ್ತು. ‘ಅಕ್ಕಂಗೆ ಹೇಳ್ಬೇಡಿ, ಗೊತ್ತಾದ್ರೆ ಅಮ್ಮನ್ನ ಬೈತಾಳೆ’ ಅಂತ ಕೈ ಹಿಡ್ಕೊಂಡ್ರು. ಮಾತು ಕೊಟ್ಟಿದ್ದೆ. ಅದಕ್ಕೇ ಹೇಳ್ಲಿಲ್ಲ. ಕೇಳಿಸಿದೆ, ಅಷ್ಟೇ.”

ನಾನು ನಿಂತಿದ್ದ ಜಾಗದಿಂದ ಒಂದು ಹೆಜ್ಜೆ ಹಿಂದೆ ಸರಿದೆ.

“ಆ ಭಾನುವಾರ ಆದ್ಮೇಲೆ ಒಂದು ಶುಕ್ರವಾರಾನೂ ಬಂದಿಲ್ಲ. ಈಗ ನಾನೂ ಇರಲ್ಲ. ಬಂದ್ರೆ ಕೇಳಿಸ್ಕೊಳ್ಳೋರು ಯಾರು? ಅದಕ್ಕೆ ಮಾತು ಮುರೀತಿದೀನಿ,” ಎಂದು, ಕಲ್ಲನ್ನೆತ್ತಿಕೊಂಡು ಇಳಿದು ಹೋದರು. ದೂರಿನ ವಿಷಯವನ್ನು ಎತ್ತಲಿಲ್ಲ. ನಾನೂ ಎತ್ತಲಿಲ್ಲ. ಟೆಂಪೋ ಹೋಗುವವರೆಗೂ ಬಾಗಿಲ ಮುಂದೆಯೇ ನಿಂತಿದ್ದೆ.

ಮರುದಿನವೇ ಶುಕ್ರವಾರ. ಧೈರ್ಯ ಬರಲಿಲ್ಲ, ಶಾಲೆಗೆ ಹೋಗಿ ಏಳು ಪೀರ್ಯಡ್ ಪಾಠ ಮಾಡಿದೆ. ಅದರ ಮುಂದಿನ ಶುಕ್ರವಾರ ಅರ್ಧ ದಿನದ ರಜೆ ಬರೆದುಕೊಟ್ಟು ಶಿವಾಜಿನಗರಕ್ಕೆ ಹೋದೆ. ಮಸೀದಿಯ ಹಿಂದಿನ ಬೀದಿಯಲ್ಲಿ ಒಂದೊಂದಾಗಿ ಶಟರುಗಳು ಇಳಿದಿದ್ದವು. ಮೂರನೆಯ ಅಂಗಡಿಯ ಕಟ್ಟೆಯ ಮೇಲೆ ತಮ್ಮ ಒಬ್ಬನೇ ಊಟದ ಡಬ್ಬಿ ಬಿಚ್ಚಿಕೊಂಡು ಕುಳಿತಿದ್ದ. ಶುಕ್ರವಾರದ ಆ ಎರಡು ಗಂಟೆ ಅವನಿಗೀಗ ಹೋಗಲು ಬೇರೆ ಜಾಗವಿರಲಿಲ್ಲ. ನನ್ನನ್ನು ನೋಡಿ ಎದ್ದು ನಿಂತ, ಕೈಯಲ್ಲಿ ಅನ್ನ ಹಾಗೇ ಇತ್ತು.

“ಅಮ್ಮಂಗೆ ಏನಾಯ್ತು?”

“ಏನೂ ಆಗಿಲ್ಲ. ನೀನ್ಯಾಕೆ ಬರೋದು ನಿಲ್ಲಿಸಿದೆ?”

ಅವನು ಕೈಯಲ್ಲಿದ್ದ ಅನ್ನವನ್ನು ಡಬ್ಬಿಗೆ ಹಾಕಿದ. “ರೇಡಿಯೋ ಕೇಳ್ದೆ ಅಕ್ಕ. ಭಾನುವಾರ ನಮ್ಮಲ್ಲಿ ಅಂಗಡಿ ಇರುತ್ತಲ್ಲ, ನಿನ್ನ ಹೆಸ್ರು ಹೇಳಿದ ತಕ್ಷಣ ಎಲ್ರಿಗೂ ‘ಸುಮ್ನಿರ್ರೋ, ನಮ್ಮಕ್ಕನ ಕಥೆ’ ಅಂದೆ. ನನ್ನ ನಡಿಗೇನೇ ಹಾಕಿದ್ರು. ನೀನೇ ಹೇಳಿ ಮಾಡ್ಸಿದೀಯ ಅನ್ಕೊಂಡೆ. ಕೊನೇಲಿ ತೆಗೀತೀಯ, ತೆಗೀತೀಯ ಅಂತ ಕಾದೆ... ತೆಗೀಲಿಲ್ಲ. ಸರಿ, ಇದೇ ಉತ್ತರ ಅಂತ ಸುಮ್ಮನಾದೆ.”

ನನ್ನ ಕೈಯಾರೆ ಬರೆದು ಸಹಿ ಹಾಕಿದ ಷರತ್ತು. ತಾರಸಿ ಮನೆಯವರು ಒಂದು ಚಿಲಕದ ಸದ್ದು ಕೇಳಿದ್ದರು. ಅದೊಂದನ್ನು ಕೊಟ್ಟಿದ್ದರೆ ಇವನು ಮುಂದಿನ ಶುಕ್ರವಾರವೇ ಮನೆಯೊಳಗಿರುತ್ತಿದ್ದ.

“ಬಾ,” ಎಂದೆ. “ಇವತ್ತೇ ಬಾ.”

“ಅವಳನ್ನೂ ಕರ್ಕೊಂಡು ಬರ್ಲಾ?”

“ಕರೆದುಕೊಂಡು ಬಾ.”

ಆ ಸಂಜೆ ಅವರಿಬ್ಬರೂ ಬಂದರು. ಮೆಟ್ಟಿಲ ಮೇಲೆ ಹೆಜ್ಜೆ ಕೇಳಿದಾಗ ಅಮ್ಮ ಈ ಸಲ ಏಳಲಿಲ್ಲ. “ನೀನೇ ಹೋಗು,” ಎಂದರು. ನಾನು ಹೋಗಿ ಬಾಗಿಲು ತೆರೆದೆ. ಆಮೇಲೆ ಅಮ್ಮ ಆರು ವರ್ಷ ಬದುಕಿದರು. ಸೊಸೆಯೊಡನೆ ಅರ್ಧ ತಮಿಳು ಅರ್ಧ ಕನ್ನಡದಲ್ಲಿ ಹರಟುತ್ತ, ನನ್ನನ್ನು ಕಂಡೊಡನೆ ಇಬ್ಬರೂ ಮಾತು ನಿಲ್ಲಿಸಿ ನಗುತ್ತ, ಆರು ವರ್ಷ.

ಆದರೆ ಈ ಸುದ್ದಿಯನ್ನು ನಾನು ತಾರಸಿ ಮನೆಯವರಿಗೆ ತಿಳಿಸಲಿಲ್ಲ. ಸ್ಟುಡಿಯೋಗೆ ಎರಡನೆಯ ಪತ್ರ ಬರೆದು ದೂರನ್ನು ಹಿಂತೆಗೆದುಕೊಂಡೆ. ಸದ್ದುಗಳೆಲ್ಲ ಈಗ ಕಂಪ್ಯೂಟರಿನಲ್ಲಿವೆ, ಇನ್ನು ಆ ಕೆಲಸಕ್ಕೆ ಜನ ಬೇಕಿಲ್ಲವೆಂದು ಎರಡು ಸಾಲಿನ ಉತ್ತರ ಬಂತು. ಆ ಉತ್ತರವನ್ನು ಹಿಡಿದು ಯಾವ ಮುಖದಿಂದ ಹೋಗುವುದು? ಪರೀಕ್ಷೆ ಮುಗಿಯಲಿ ಎಂದುಕೊಂಡೆ. ಬೇಸಿಗೆ ರಜೆ ಬರಲಿ ಎಂದುಕೊಂಡೆ. ಅಮ್ಮ ಬದುಕಿರುವವರೆಗೂ, “ಅವರಿಗೊಂದು ಮಾತು ಹೇಳಿ ಬಾರೆ,” ಎನ್ನುತ್ತಲೇ ಇದ್ದರು. ಜೋಗುಪಾಳ್ಯದಿಂದ ಕೆ.ಆರ್. ಪುರಕ್ಕೆ ಬಸ್ಸಿತ್ತು. ಆಮೇಲೆ ಮೆಟ್ರೋ ಕೂಡ ಬಂತು. ತಪ್ಪನ್ನು ತಿದ್ದುವುದು ನನ್ನ ಕಸುಬು, ಒಪ್ಪಿಕೊಳ್ಳುವುದು ಅಭ್ಯಾಸವಿರಲಿಲ್ಲ.

ಕಳೆದ ಭಾನುವಾರ ಹೋದೆ. ಸಂತೆ ಬೀದಿಯ ಹಿಂದೆ ವಿಚಾರಿಸುತ್ತ ಹೋದರೆ ಮನೆ ಸಿಕ್ಕಿತು. ಅವರ ಹೆಂಡತಿ ಹೊರಗಿನ ಜಗಲಿಯಲ್ಲಿ ಹುರಳಿಕಾಯಿ ಬಿಡಿಸುತ್ತಿದ್ದರು. ತಲೆ ಪೂರ್ತಿ ನೆರೆತಿದೆ. ಕಣ್ಣು ಕಿರಿದು ಮಾಡಿ ನೋಡಿ, “ಟೀಚರಮ್ಮ ತಾನೇ? ದಾರಿ ಗೊತ್ತಾಯ್ತಾ ಕೊನೆಗೆ?” ಎಂದರು. ಕುಳಿತುಕೊಳ್ಳಲು ಮಣೆ ಸರಿಸಿದರು. ಒಳಗಿನ ಗೋಡೆಯ ಮೇಲೆ ಹಾರ ಹಾಕಿದ ಫೋಟೋ ಕಾಣುತ್ತಿತ್ತು. ನಾನು ಕೇಳಬೇಕಾಗಿ ಬರಲಿಲ್ಲ.

“ನಾಲ್ಕು ವರ್ಷ ಆಯ್ತು,” ಎಂದರು. “ಇಲ್ಲಿಗೆ ಬಂದ್ಮೇಲೆ ಒಂದು ಅಪಾರ್ಟ್‌ಮೆಂಟ್ ಗೇಟಲ್ಲಿ ವಾಚ್‌ಮನ್ ಆದ್ರು. ಮುಖಾನೇ ನೋಡ್ತಿರ್ಲಿಲ್ಲ, ನಡಿಗೆ ಕೇಳಿ ಯಾರು ಅಂತ ಹೇಳಿ ಗೇಟ್ ತೆಗೆಯೋರು. ಮಕ್ಕಳಿಗೆಲ್ಲ ಆಟ, ಬೇಕಂತ ಅಪ್ಪನ ಶೂ ಹಾಕ್ಕೊಂಡು ಬರೋವು. ಆದ್ರೂ ಕಂಡುಹಿಡಿಯೋರು.”

ನಾನು ದೂರಿನ ವಿಷಯ ಎತ್ತಿದೆ. ತಪ್ಪಾಯಿತೆಂದೆ. ಅವರು ಕೈಬೀಸಿ ತಳ್ಳಿಹಾಕಿದರು. “ಅದ್ನ ಅವರು ಅವತ್ತೇ ಬಿಟ್ರು, ಬಿಡದೇ ಇದ್ದವಳು ನಾನು. ಅವರಿಗೆ ಬೇರೇನೇ ಚಿಂತೆ. ಶುಕ್ರವಾರ ಬಂದ್ರೆ ಊಟಕ್ಕೆ ಕೂತಾಗ ಕೇಳೋರು, ‘ಏನೇ, ಟೀಚರ್ ಮನೇಲಿ ಇಷ್ಟೊತ್ತಿಗೆ ಬಾಗಿಲು ತೆಗೆದಿರ್ತಾರಾ?’ ನಾನೇನು ಹೇಳ್ಲಿ? ‘ಹೋಗಿ ನೋಡ್ಕೊಂಡು ಬನ್ನಿ’ ಅಂದ್ರೆ, ‘ಬೇಡ, ನಾನು ಹೋಗಿ ನಿಂತ್ರೆ ಆಯಮ್ಮಂಗೆ ನಾಚಿಕೆ ಆಗುತ್ತೆ’ ಅನ್ನೋರು. ಕಾಯಿಲೆ ಬಿದ್ದ ಮೇಲೂ ಕೇಳೋರು. ಪ್ರತಿ ಶುಕ್ರವಾರ, ಸುಳ್ಳಿಲ್ಲ.”

“ತೆರೆದೆ,” ಎಂದೆ.

ಅವರ ಕೈ ಹುರಳಿಕಾಯಿಯ ಮೇಲೆ ನಿಂತಿತು. “ಯಾವಾಗ?”

“ನೀವು ಮನೆ ಬಿಟ್ಟ ಎಂಟನೆಯ ದಿನ.”

“ಎಂಟನೇ ದಿನಾನಾ?” ಎಂದರು. ಮತ್ತೊಮ್ಮೆ, ನಂಬಲಾಗದವರಂತೆ, “ಎಂಟೇ ದಿನಕ್ಕಾ?” ಎಂದರು. ಮುಖ ಒಮ್ಮೆಲೇ ಬೆಳಗಿತು. ಮಡಿಲಲ್ಲಿದ್ದ ಹುರಳಿಕಾಯಿ ಜಗಲಿಯ ತುಂಬ ಚೆಲ್ಲುವಂತೆ ಗಡಬಡಿಸಿ ಎದ್ದು, ಒಳಕೋಣೆಯ ಕಡೆ ತಿರುಗಿ, “ರೀ, ಕೇಳಿದ್ರಾ...” ಎಂದವರು, ಹೊಸ್ತಿಲ ಮೇಲೆ ಹಾಗೆಯೇ ನಿಂತುಬಿಟ್ಟರು.